ಬಿನ್ ಮರುಳಪ್ಪ, ಸಾಕಿನ್ ಅರಸೀಕೆರೆ

ನನ್ನ ಕೊಬ್ಬರಿ ತಾತಾ,

ನನಗೆ ಮದುವೆಯಾಯಿತು! ನನಗೆ, ತಾತಾ, ನಿನ್ನ ಜೇಬಿಗೆ ಕೈ ಹಾಕಿ ಕೊಬ್ಬರಿ ಚೂರು ಕದಿಯುತ್ತಿದ್ದ ಈ ಮೊಮ್ಮಗಳಿಗೆ! ಇನ್ನೂ ಎರಡು ವಾರ ತುಂಬಿಲ್ಲ. ಕೈತುಂಬ ಹಸಿರು ಬಳೆ, ಒಂದು ಸಾಲು ಬರೆಯುವಷ್ಟರಲ್ಲಿ ಎಷ್ಟು ಸಲ ಗಲಗಲ ಅನ್ನುತ್ತವೆ ಗೊತ್ತಾ? ಪೆನ್ನು ಕೆಳಗಿಟ್ಟು ಸುಮ್ಮನೆ ಕೈ ಅಲ್ಲಾಡಿಸಿ ಕೇಳುತ್ತೇನೆ, ಮತ್ತೆ ಬರೆಯುತ್ತೇನೆ. ಮದುವೆ ಅರಸೀಕೆರೆಯ ನಿನ್ನ ಮನೆಯಲ್ಲೇ, ನಡುಮನೆಯಲ್ಲಿ, ನಿನ್ನ ಫೋಟೋದ ಕೆಳಗೇ ಆಯಿತು. ತಾಳಿ ಕಟ್ಟುವ ಹೊತ್ತಿಗೆ ಸರಿಯಾಗಿ ಫೋಟೋದ ಹಾರ ಜಾರಿ ಇವರ ಪೇಟದ ಮೇಲೆ ಬಿತ್ತು. “ನೋಡ್ರೀ, ಮಾವಾರು ಒಪ್ಪಿಬಿಟ್ರು!” ಅಂದರು ಹಗರೆಯ ಚಿಕ್ಕಮ್ಮ. ಎಲ್ಲರೂ ಬಿದ್ದು ಬಿದ್ದು ನಕ್ಕರು. ನಿಜವಾಗಿ ಒಪ್ಪಿದೆಯಾ ತಾತಾ? ಅಥವಾ ಬೇಡ ಅಂತ ಹೇಳಲು ನಿನ್ನ ಹತ್ತಿರ ಬೇರೆ ದಾರಿ ಇರಲಿಲ್ಲವಾ?

‘ಇವರು’ ಅಂತ ಬರೆದೆ ನೋಡಿದೆಯಾ! ಕಾಲೇಜಿನಲ್ಲಿ ಹೆಸರು ಹಿಡಿದು ಕೂಗುತ್ತಿದ್ದವಳು ನಾನು. ನಿಶ್ಚಿತಾರ್ಥದ ದಿನ ಎಲ್ಲರೆದುರು ಹಾಗೆ ಕೂಗಿದ್ದಕ್ಕೆ ಅಮ್ಮನ ಕಣ್ಣು ದೊಡ್ಡದಾಯಿತು, ಅಂದಿನಿಂದ ಇವರು. ಈಗ ಅದೇ ಒಳ್ಳೆಯದಾಯಿತು. ಇವರ ಹೆಸರನ್ನಾಗಲಿ ಇವರ ದೇಶದ ಹೆಸರನ್ನಾಗಲಿ ಕಾಗದದಲ್ಲಿ ಬರೆಯಬೇಡ ಅಂತ ಇವರೇ ಹೇಳಿದ್ದಾರೆ. “ತೀರಿಕೊಂಡ ತಾತನಿಗೆ ಬರೆಯುವ ಕಾಗದವನ್ನು ಯಾರು ಒಡೆದು ನೋಡುತ್ತಾರೆ?” ಅಂತ ನಾನು ನಕ್ಕೆ. ಇವರು ನಗಲಿಲ್ಲ. ಅದಕ್ಕೇ ಇಷ್ಟು ಮಾತ್ರ ಬರೆಯುತ್ತೇನೆ: ಇವರದು ಒಂದು ಪುಟ್ಟ ಸೀಮೆ. ದೊಡ್ಡ ದೇಶವೊಂದರ ಹೊಟ್ಟೆಯೊಳಗೆ ಇದೆ. ಅಲ್ಲಿನ ಜನ ಅದನ್ನು ದೇಶ ಅನ್ನುತ್ತಾರೆ, ಉಳಿದವರು ಯಾರೂ ಅನ್ನುವುದಿಲ್ಲ. ನನಗೆ ನೀನು ತಂದುಕೊಟ್ಟಿದ್ದ ಅಟ್ಲಾಸಿನಲ್ಲಿ ಹುಡುಕಿದೆ. ಅದಕ್ಕೆ ಅಂತ ಬೇರೆ ಬಣ್ಣವೇ ಇಲ್ಲ, ತಾತಾ.

ಮೈಸೂರಿನ ನಮ್ಮ ಕಾಲೇಜಿನಲ್ಲಿ ಒಂದು ಆಗಸ್ಟ್ ಹದಿನೈದರಂದು ಧ್ವಜ ಹಾರಿಸಿದ ಮೇಲೆ ಎಲ್ಲರೂ ಲಡ್ಡಿನ ಪೊಟ್ಟಣಕ್ಕೆ ನುಗ್ಗುತ್ತಿದ್ದಾಗ, ಇವರೊಬ್ಬರೇ ಕಂಬದ ಹತ್ತಿರ ತಲೆ ಎತ್ತಿ ನಿಂತಿದ್ದರು. ಕಣ್ಣಲ್ಲಿ ನೀರು. ನಾನೋ ಬಾಯಿಬಡುಕಿ, ಹೋಗಿ ಮಾತಾಡಿಸಿದೆ. “ನಿಮ್ಮ ಊರಿನಲ್ಲಿ ‘ನಾವು ಸ್ವತಂತ್ರರು’ ಅಂತ ಮೊದಲು ಬಾಯಿಬಿಟ್ಟು ಹೇಳಿದವರು ಯಾರು?” ಅಂತ ಕೇಳಿದರು. ನೋಡು, ಎಂಥ ಪ್ರಶ್ನೆ! ಬೇರೆ ಯಾವ ಹುಡುಗಿಗಾದರೂ ಉತ್ತರ ಗೊತ್ತಿರುತ್ತಿತ್ತಾ? “ನನ್ನ ತಾತ!” ಅಂತ ಕಿರುಚಿದೆ. ಅಲ್ಲೇ ಲಡ್ಡು ತಿನ್ನುತ್ತಾ ನಿನ್ನ ಕಥೆ ಹೇಳಿದೆ. ನಮ್ಮ ಮನೆಯ ಎಲ್ಲ ಮಕ್ಕಳೂ ಹೇಳುವ ಹಾಗೆ, ಅಭಿನಯ ಮಾಡಿಕೊಂಡು.

ಸಂತೆಯ ದಿನ, ತಾಲ್ಲೂಕು ಕಚೇರಿಯ ಮೆಟ್ಟಿಲು. ಚಳವಳಿಯ ಕಾಲ, ನಿನಗಿನ್ನೂ ಮೀಸೆ ಸರಿಯಾಗಿ ಬಂದಿರಲಿಲ್ಲ. ಹತ್ತಿರ ನಿಂತಿದ್ದವನು ನಿನ್ನ ಗೆಳೆಯ ಸಿದ್ಲಿಂಗ. ಮೆಟ್ಟಿಲು ಹತ್ತು, ‘ಇಂದಿನಿಂದ ಈ ಊರು ಯಾರ ಕೈಕೆಳಗೂ ಇಲ್ಲ, ನಾವು ಸ್ವತಂತ್ರರು’ ಅಂತ ಕೂಗು, ಇಳಿದು ಸಂತೆಯ ಜನರೊಳಗೆ ಸೇರಿ ಮಾಯವಾಗು. ನೀವು ಮಾಡಿಕೊಂಡಿದ್ದ ಏರ್ಪಾಡು ಅಷ್ಟೇ. ಆದರೆ ನೀನು ನಿನ್ನಪ್ಪನ ಕೊಬ್ಬರಿ ಮಂಡಿಯಲ್ಲಿ ಬೆಳೆದವನು. ಚಿಕ್ಕಂದಿನಿಂದ ಕೇಳಿದ್ದೆಲ್ಲ ಕರಾರು, ಕ್ರಯಪತ್ರದ ಭಾಷೆ. ಮೆಟ್ಟಿಲ ಮೇಲೆ ನಿಂತವನು ಗಂಟಲು ಸರಿಮಾಡಿಕೊಂಡು ಶುರುಮಾಡಿದೆ: “ನಾನು, ಚನ್ನಬಸಪ್ಪ ಬಿನ್ ಮರುಳಪ್ಪ, ಸಾಕಿನ್ ಅರಸೀಕೆರೆ ಕಸಬಾ, ಈ ದಿನ ಎಲ್ಲರ ಸಮಕ್ಷಮ ಹೇಳುವುದೇನೆಂದರೆ…” ನಿನ್ನ ಹೆಸರು, ನಿನ್ನಪ್ಪನ ಹೆಸರು, ಊರು, ಎಲ್ಲ! ಸಂತೆಗೆ ಸಂತೆಯೇ ನಕ್ಕುಬಿಟ್ಟಿತಂತೆ. ಸಿದ್ಲಿಂಗ ಕೆಳಗಿನಿಂದ, “ಏನ್ಲಾ, ಸ್ವಾತಂತ್ರ್ಯ ಕೂಗ್ಲಾ ಅಂದ್ರೆ ಜಮೀನು ಬರ್ಕೊಟ್ಟಂಗೆ ಹೇಳ್ತೀಯಲ್ಲೋ!” ಅಂದನಂತೆ. ನೀನು ಬಿಡದೆ ಉಳಿದದ್ದನ್ನೂ ಹೇಳಿ ಮುಗಿಸಿದೆ, ಪೊಲೀಸರು ಬಂದು ಹಿಡಿದುಕೊಂಡು ಹೋದರು. ಅಲ್ಲಿಗೆ ಕಥೆ ಮುಗಿಯುತ್ತದೆ, ನಾವೆಲ್ಲ ನಗುತ್ತೇವೆ. ಎಷ್ಟು ವರ್ಷ ನಕ್ಕಿದ್ದೇವೆ!

ಅಂದು ಇವರು ನಗಲಿಲ್ಲ. ಕೈಯಲ್ಲಿದ್ದ ಲಡ್ಡನ್ನು ಹಾಗೇ ಹಿಡಿದುಕೊಂಡು, “ಮರುಳಪ್ಪನವರಿಗೆ ಏನಾಯಿತು?” ಅಂತ ಕೇಳಿದರು. ನನಗೆ ಗೊತ್ತಿರಲಿಲ್ಲ, ತಾತಾ. ನನ್ನ ಮುತ್ತಾತನಿಗೆ ಏನಾಯಿತು ಅಂತ ಇಪ್ಪತ್ತು ವರ್ಷದಲ್ಲಿ ನಾನು ಒಂದು ಸಲವೂ ಕೇಳಿರಲಿಲ್ಲ. ನೀನು ಯಾವಾಗಲೂ ನಗುವಿನ ಹತ್ತಿರ ಬಂದು ನಿಲ್ಲಿಸಿಬಿಡುತ್ತಿದ್ದೆ. ಮುಂದಿನ ರಜೆಗೆ ಅರಸೀಕೆರೆಗೆ ಹೋದಾಗ ಅಜ್ಜಿಯನ್ನು ಕೇಳಿದೆ. ಅಜ್ಜಿ ಅಕ್ಕಿ ಆರಿಸುತ್ತಿದ್ದರು, ತಲೆ ಎತ್ತಲಿಲ್ಲ. “ನಿಮ್ ತಾತಂಗೆ ಜೈಲ್ನಾಗೆ ಅನ್ನ ಹಾಕಿದ್ರು ಕಣೇ. ಜೊತೆಗೆ ಜನ ಇದ್ರು, ಭಜನೆ ಮಾಡ್ತಿದ್ರಂತೆ. ಇಲ್ಲಿ ನಮ್ ಮಾವಂಗೆ ಯಾರಿದ್ರು? ಮಂಡಿಗೆ ಬೀಗ ಜಡಿದ್ರು. ಪೊಲೀಸ್ ಸ್ಟೇಷನ್ ಮುಂದೆ ಬಿಸಿಲಾಗೆ ನಿಲ್ಸಿದ್ರು, ಊರೋರೆಲ್ಲ ನೋಡ್ಲಿ ಅಂತ. ಅವತ್ತಿಂದ ಅವ್ರ ಹತ್ರ ಯಾರೂ ಒಂದು ಬೀಡಿ ಬೆಂಕಿ ಕೂಡಾ ಕೇಳ್ಲಿಲ್ಲ.” “ತಾತ ಜೈಲಿಂದ ಬಂದ ಮೇಲೆ?” ಅಂದೆ. “ಬಂದ್ರು. ಅಪ್ಪ ಮಗ ಒಂದೇ ಮನೇಲಿ ಉಂಡ್ರು, ಮಲಗಿದ್ರು. ಮಾತಿಲ್ಲ. ಮಾವ ಸಾಯೋಗಂಟ ಮಾತಿಲ್ಲ.”

ಸ್ವಾತಂತ್ರ್ಯದ ಸುವರ್ಣೋತ್ಸವಕ್ಕೆ ನಿನ್ನನ್ನು ವೇದಿಕೆಗೆ ಕರೆದದ್ದು ನೆನಪಾಯಿತು ಆಗ. ನಿನ್ನ ಕೊನೆಯ ವರ್ಷಗಳು. ಶಾಲು, ಹಣ್ಣಿನ ಬುಟ್ಟಿ, ಏಲಕ್ಕಿ ಹಾರ. ಮೈಕಿನಲ್ಲಿ ಯಾರೋ ಹುಡುಗ ಗತ್ತಿನಿಂದ “ಶ್ರೀ ಚನ್ನಬಸಪ್ಪನವರು, ಬಿನ್ ಮರುಳಪ್ಪನವರು” ಅಂದ. ನೀನು ಶಾಲು ತೆಗೆದು ಕುರ್ಚಿಯ ಮೇಲಿಟ್ಟು ಕೆಳಗಿಳಿದು ಬಂದುಬಿಟ್ಟೆ. ಸೆಖೆ ಅಂದೆ. ನಾವು ನಂಬಿ ನಿನಗೆ ಎಳನೀರು ತರಿಸಿದೆವು. ಮಾತಾಡಬಹುದಾಗಿದ್ದ ಎಷ್ಟೊಂದು ಮಧ್ಯಾಹ್ನಗಳು ನಮಗಿದ್ದವಲ್ಲ ತಾತಾ, ನಾನು ನಿನ್ನ ಪಕ್ಕದಲ್ಲೇ ಕೂತು ಕೊಬ್ಬರಿ ಜಗಿಯುತ್ತಿದ್ದೆ…

ಇವರು ತಮ್ಮ ಅಪ್ಪನ ವಿಷಯ ಹೇಳಿದ್ದು ಚಾಮುಂಡಿ ಬೆಟ್ಟದ ಮೆಟ್ಟಿಲ ಮೇಲೆ, ನಾವು ಮದುವೆಯಾಗುವುದು ಅಂತ ನಿರ್ಧರಿಸಿದ ದಿನ. ಅಪ್ಪ ಸ್ಕೂಲಿನ ಹೆಡ್‌ಮಾಸ್ಟರ್. ಹೋದ ವರ್ಷ ತಮ್ಮ ಊರಿನ ಮೈದಾನದಲ್ಲಿ ಇನ್ನೂ ಕೆಲವರ ಜೊತೆ ನಿಂತು, ನಮ್ಮದು ಬೇರೆ ದೇಶ, ಇಂದಿನಿಂದ ಸ್ವತಂತ್ರ ದೇಶ ಅಂತ ಓದಿದರು. ಆಮೇಲೆ ಅವರ ಜೊತೆ ನಿಂತವರಲ್ಲಿ ಒಬ್ಬರನ್ನು ಮನೆಯ ಗೇಟಿನ ಮುಂದೆಯೇ ಗುಂಡು ಹೊಡೆದು ಕೊಂದರು. ಇನ್ನೊಬ್ಬರ ತೋಟಕ್ಕೆ ಬೆಂಕಿ ಬಿತ್ತು. ಇವರ ಅಪ್ಪನನ್ನು ಏನೋ ವಿಚಾರಣೆ ಅಂತ ಕರೆದುಕೊಂಡು ಹೋದರು, ಅವರು ಇನ್ನೂ ವಾಪಸ್ ಬಂದಿಲ್ಲ. ಯಾರು ಕರೆದುಕೊಂಡು ಹೋದರು ಅಂತ ಕೇಳಿದರೆ ಅಲ್ಲಿ ಯಾರೂ ‘ನಾವು’ ಅನ್ನುವುದಿಲ್ಲ. ಈಗ ಅಪ್ಪನ ಕಡೆಯವರು ಇವರಿಗೆ ಹೇಳಿ ಕಳಿಸಿದ್ದಾರೆ: ವರ್ಷ ತುಂಬುವ ದಿನ ಅದೇ ಮೈದಾನದಲ್ಲಿ ಅದೇ ಮಾತನ್ನು ಮತ್ತೆ ಓದಬೇಕು, ಮಗನೇ ಓದಿದರೆ ಚೆನ್ನ. “ಹೋಗ್ತೀರಾ?” ಅಂದೆ. “ಇನ್ನೂ ನಿರ್ಧಾರ ಮಾಡಿಲ್ಲ” ಅಂದರು. ನಾನು ಏನು ಅಂದುಕೊಂಡೆ ಗೊತ್ತಾ? ಮದುವೆಯಾಗಿಬಿಟ್ಟರೆ ಹೋಗುವುದಿಲ್ಲ. ಬಾಳೆ ಎಲೆ, ಬಳೆ, ಬೀಗರ ಊಟ, ಅಜ್ಜಿಯ ಹೋಳಿಗೆ, ಇಷ್ಟೆಲ್ಲ ಬಿಟ್ಟು ಯಾರಾದರೂ ಹೋಗುತ್ತಾರಾ? ನಮ್ಮಮ್ಮ ಅಳುತ್ತಿದ್ದರೂ, ನಮ್ಮಪ್ಪ ಎರಡು ತಿಂಗಳು ಮುಖ ಗಂಟಿಕ್ಕಿಕೊಂಡಿದ್ದರೂ, ಬೇಗ ಬೇಗ ಅಂತ ಎಲ್ಲರನ್ನೂ ಓಡಿಸಿದವಳು ನಾನೇ.

ಇವರ ಮನೆ ಇಲ್ಲಿಲ್ಲವಲ್ಲ, ತಾಳಿ ಕಟ್ಟಿದ ಮೇಲೆ ಮನೆ ತುಂಬಿಸುವ ಶಾಸ್ತ್ರವೂ ನಿನ್ನ ಮನೆಯಲ್ಲೇ; ನಮ್ಮಿಬ್ಬರನ್ನು ಹೊರಗೆ ಕಳಿಸಿ ಹೊಸಿಲ ಹತ್ತಿರ ಹೆಂಗಸರು ಅಡ್ಡ ನಿಂತರು. ನಮ್ಮ ಮನೆಯ ಶಾಸ್ತ್ರ ನಿನಗೆ ಗೊತ್ತಲ್ಲ, ನಿನ್ನ ಕಥೆಯಿಂದಲೇ ಹುಟ್ಟಿದ್ದು. ಬೇರೆ ಮನೆಗಳಲ್ಲಿ ಮದುವಣಗಿತ್ತಿ ಗಂಡನ ಹೆಸರು ಹೇಳಿ ಒಳಗೆ ಬಂದರೆ ಸಾಕು. ನಮ್ಮಲ್ಲಿ ಬಿನ್, ಸಾಕಿನ್ ಸೇರಿಸಿ ಹೇಳಬೇಕು. ಅಮ್ಮ ಹೇಳಿದ್ದರು, ಚಿಕ್ಕಮ್ಮ ಹೇಳಿದ್ದರು, ನೀನು ಮೂಲೆಯ ಕುರ್ಚಿಯಲ್ಲಿ ಕೂತು ಸುಮ್ಮನೆ ನೋಡುತ್ತಿದ್ದೆಯಂತೆ. “ಹೇಳೇ, ಹೇಳೇ,” ಅಂತ ಚಿಕ್ಕಮ್ಮ ನನ್ನ ಸೊಂಟ ತಿವಿದರು. “ಇಂಗ್ಲಿಷ್ ಸ್ಕೂಲ್ನಾಗೆ ಓದಿದೋಳು, ಮೈಕ್ ಸಿಕ್ರೆ ಬಿಡ್ತಿರ್ಲಿಲ್ಲ. ಗಂಡನ್ ಹೆಸ್ರು ಹೇಳಾಕೆ ಈಗ ನಾಚ್ಕೆನಾ? ಅಪ್ಪನ್ ಹೆಸ್ರು, ಊರು, ಎಲ್ಲಾ ಬರ್ಬೇಕು ಮತ್ತೆ!” ವಿಡಿಯೋದವನು ದೊಡ್ಡ ದೀಪ ಹಿಡಿದು ನನ್ನ ಮುಖಕ್ಕೇ ಬಂದ. ಆ ಬೆಳಕು ನೋಡಿದ್ದೇ ನಾನು ಸೆರಗು ಮುಖಕ್ಕೆ ಎಳೆದುಕೊಂಡೆ. ಕ್ಯಾಸೆಟ್ ಯಾರ ಕೈಗೆ ಹೋಗುತ್ತದೋ, ಯಾವ ಊರಿನ ಟೀವಿಯಲ್ಲಿ ಓಡುತ್ತದೋ… ಇವರ ಅಪ್ಪನ ಹೆಸರಿನ ಜಾಡು ಹಿಡಿದು ಇವರನ್ನು ಹುಡುಕುವವರು ಇದ್ದಾರಲ್ಲ, ತಾತಾ! ಪ್ರಾಸ ಹಾಕಿ ಹೆಸರು ಹೇಳುವ ಒಡಪು ಕಟ್ಟಿಟ್ಟುಕೊಂಡಿದ್ದೆ, ಎಲ್ಲ ಮರೆತುಹೋಯಿತು. “ಅಯ್ಯೋ, ಹುಡ್ಗಿ ನಿಜ್ವಾಗ್ಲೂ ನಾಚ್ಕೊಂಡ್ಳು ಕಣ್ರೀ!” ಅಂತ ಎಲ್ಲರಿಗೂ ಖುಷಿ.

ಆಗ ಇವರು ನನ್ನ ಕೈ ಬಿಟ್ಟು ಒಂದು ಹೆಜ್ಜೆ ಮುಂದೆ ಬಂದರು. ಗಂಟಲು ಸರಿಮಾಡಿಕೊಂಡರು. ಯಾರ ಹತ್ತಿರ ಯಾವಾಗ ಕಲಿತರೋ, ಹರಕು ಮುರುಕು ಕನ್ನಡದಲ್ಲಿ ಶುರುಮಾಡಿದರು: “ನಾನು…” ತಮ್ಮ ಪೂರ್ತಿ ಹೆಸರು, ಬಿನ್, ಅಪ್ಪನ ಪೂರ್ತಿ ಹೆಸರು, ಸಾಕಿನ್, ಆ ಬಣ್ಣವಿಲ್ಲದ ದೇಶದ ಹೆಸರು. ಗಂಡಸರೂ ಸೇರಿ ಚಪ್ಪಾಳೆ ಹೊಡೆದರು. “ಏನ್ ಅಳಿಯಂದ್ರೋ! ಹೆಣ್ಣಿನ ಬದ್ಲು ಗಂಡೇ ಹೇಳ್ತು!” ಅಂತ ಚಿಕ್ಕಮ್ಮ ಕುಣಿದರು. ನಾನು ಇವರ ಮುಖ ನೋಡಿದೆ. ಇವರು ಚಿಕ್ಕಮ್ಮನನ್ನೂ ನೋಡುತ್ತಿರಲಿಲ್ಲ, ನನ್ನನ್ನೂ ನೋಡುತ್ತಿರಲಿಲ್ಲ. ಹೊಸಿಲ ಆಚೆ ದೂರದಲ್ಲಿ ದೊಡ್ಡ ಮೈದಾನವೊಂದು ಇರುವ ಹಾಗೆ ನೋಡುತ್ತಿದ್ದರು. ನಿರ್ಧಾರವಾಗಿತ್ತು, ತಾತಾ. ನಾನು ಬಲಗಾಲಿಟ್ಟು ಒಳಗೆ ಬರುವ ಮೊದಲೇ ಆಗಿಹೋಗಿತ್ತು.

ಮದುವೆಯ ಮೂರನೆಯ ದಿನ ಬೇಲೂರು ಹಳೇಬೀಡು ನೋಡಿಕೊಂಡು ಬನ್ನಿ ಅಂತ ಅಪ್ಪ ನಮ್ಮಿಬ್ಬರನ್ನು ಬಸ್ಸು ಹತ್ತಿಸಿದರು. ಬೇಲೂರಿನಲ್ಲಿ ನಾನು ನೂರು ಫೋಟೋ ತೆಗೆಸಿಕೊಂಡೆ, ಇಬ್ಬರೂ ಐಸ್‌ಕ್ಯಾಂಡಿ ತಿಂದೆವು, ನನ್ನ ಹೊಸ ಚಪ್ಪಲಿ ಕಚ್ಚಿತು, ಇವರು ಅದನ್ನು ಕೈಯಲ್ಲಿ ಹಿಡಿದುಕೊಂಡು ನಡೆದರು. ಎಷ್ಟು ಸಂತೋಷವಾಗಿತ್ತು ಅಂದರೆ ನನ್ನ ಮೇಲೆ ನನಗೇ ಸಿಟ್ಟು ಬಂತು. ಹಳೇಬೀಡಿನಲ್ಲಿ ಗೈಡು ಗುಡಿಯ ಪಕ್ಕದ ಗರುಡ ಕಂಬಕ್ಕೆ ಕರೆದುಕೊಂಡು ಹೋಗಿ, “ಇವ್ರು ರಾಜನ ಗರುಡ್ರು ಸಾರ್, ಮೈಗಾವಲಿನೋರು. ರಾಜ ಸತ್ರೆ ಇವ್ರೂ ಹಿಂಗೆ ತಲೆ ಕುಯ್ಕೊಳ್ಳೋರು. ನೋಡಿ, ಕೈಯಾಗೆ ಕತ್ತಿ ಐತೆ,” ಅಂದ. ಇವರು ಕಂಬವನ್ನು ಸುತ್ತು ಹಾಕಿ ನೋಡಿ, “ಕಂಬದ ಮೇಲೆ ಸತ್ತವರ ಹೆಸರು ಇದೆಯಾ?” ಅಂತ ನನ್ನಿಂದ ಕೇಳಿಸಿದರು. “ಮುಖ್ಯವಾದೋರ್ದು ಐತೆ ಸಾರ್. ಎಲ್ರದೂ ಎಲ್ಲಿರ್ತದೆ?” ಅಂದ ಗೈಡು.

ಅಲ್ಲೇ ಹುಲ್ಲಿನ ಮೇಲೆ ಕೂತು ನಾನು ಬೇಡಿಕೊಂಡೆ. ಹೋಗಲೇಬೇಕಾದರೆ ಹೋಗಿ, ಓದಲೇಬೇಕಾದರೆ ಓದಿ, ಆದರೆ ಹೆಸರು ಹೇಳಬೇಡಿ. ‘ನಾವು’ ಅನ್ನಿ, ‘ಜನ’ ಅನ್ನಿ, ಮುಖಕ್ಕೆ ಬಟ್ಟೆ ಕಟ್ಟಿಕೊಳ್ಳಿ. ಇವರು ಒಂದು ಹುಲ್ಲಿನ ಎಳೆ ಕಿತ್ತರು. ಆಮೇಲೆ, “ಹೆಸರಿಲ್ಲದೆ ಕೂಗಿದರೆ ಅದು ಗಲಾಟೆ. ಯಾರೋ ಒಬ್ಬರು ನಾನು ಇಂಥವನ ಮಗ, ಇಂಥ ಊರಿನವನು ಅಂತ ನಿಂತು ಹೇಳಬೇಕು. ನಿನ್ನ ತಾತನಿಗೆ ಅದು ಗೊತ್ತಿತ್ತು,” ಅಂದರು. “ಅದು ಬಾಯಿತಪ್ಪಿ ಬಂದದ್ದು!” ಅಂತ ನಾನು ಕಿರುಚಿದೆ. “ಅದು ಜೋಕು! ನಮ್ಮ ಮನೆಯ ಜೋಕು ಅದು! ಆದರೂ ನನ್ನ ತಾತ ಜೈಲಿಗೆ ಹೋಗಿ ವಾಪಸ್ ಬಂದರು, ಮದುವೆಯಾದರು, ನನ್ನನ್ನು ಎತ್ತಿ ಆಡಿಸಿದರು.” “ನಿನ್ನ ತಾತನನ್ನು ಹಿಡಿದವರು ಹೆಸರು ಬರೆದುಕೊಂಡರು,” ಅಂದರು ಇವರು, ನನ್ನ ಬಳೆಗಳನ್ನು ಮೆಲ್ಲಗೆ ಸರಿಸುತ್ತಾ. “ನಮ್ಮಲ್ಲಿ ಬರೆದುಕೊಳ್ಳುವುದಿಲ್ಲ.”

ವಾಪಸ್ ಬಂದ ಮಾರನೆಯ ದಿನ ಅಜ್ಜಿ ನನ್ನನ್ನು ಹಿತ್ತಲಿಗೆ ಕರೆದರು. “ಯಾವತ್ತು ಹೊರಡ್ತಾನೆ?” ಅಂದರು. ನಾನು ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ, ತಾತಾ. ಅಪ್ಪ ಅಮ್ಮನಿಗೆ ಇವತ್ತಿಗೂ ಗೊತ್ತಿಲ್ಲ, ಯಾರನ್ನೋ ನೋಡಿ ಬರಲು ಹೋಗುತ್ತಿದ್ದಾರೆ ಅಂದುಕೊಂಡಿದ್ದಾರೆ. “ನಿಂಗೆ ಹೆಂಗೆ ಗೊತ್ತಾಯ್ತು ಅಜ್ಜಿ?” ಅಂದೆ. “ಹೊಸ್ಲ ಹತ್ರ ಹೇಳಿದ್ನಲ್ಲ, ಕೇಳಿಸ್ಕೊಂಡೆ. ನಮ್ ಮಾವ ಒಂದೇ ಒಂದ್ ಸಲ ಆ ಸುದ್ದಿ ಎತ್ತಿದ್ರು, ಜ್ವರ ಬಂದು ಮಲಗಿದ್ದಾಗ. ಅವತ್ತು ಅವ್ರೂ ಸಂತೇಲೇ ಇದ್ರಂತೆ, ಮೆಟ್ಲಿನ ಎದುರ್ಗೇನೆ. ‘ಜನ ಎಲ್ಲ ನಗ್ತಿದ್ರು ಕಣಮ್ಮ. ನನ್ ಹೆಸ್ರು ಹೇಳುವಾಗ ಅವ್ನು ನನ್ನೇ ನೋಡ್ತಿದ್ದ,’ ಅಂದ್ರು.” ಅಜ್ಜಿ ಸೆರಗಿನಿಂದ ನನ್ನ ಮುಖ ಒರೆಸಿದರು. “ನೀನು ಅಳು, ಪರವಾಗಿಲ್ಲ. ಅವ್ನ ಮುಂದೆ ಮಾತ್ರ ಅಳ್ಬೇಡ. ಅತ್ರೂ ಹೋಗ್ತಾನೆ, ಅಳ್ದೆ ಇದ್ರೂ ಹೋಗ್ತಾನೆ.”

ಹಾಗಾದರೆ ನಿನಗೆ ಗೊತ್ತಿತ್ತು. ಎದುರಿಗೆ ನಿನ್ನಪ್ಪ ನಿಂತಿರುವುದು ಗೊತ್ತಿತ್ತು, ಹೇಳಿದರೆ ಅವರಿಗೆ ಏನಾಗುತ್ತದೆ ಅನ್ನುವುದೂ ಗೊತ್ತಿತ್ತು, ಆದರೂ ಹೇಳಿದೆ. ಯಾಕೆ ತಾತಾ? ಅಪ್ಪನೂ ನಿನ್ನ ಜೊತೆ ಮೆಟ್ಟಿಲು ಹತ್ತಲಿ ಅಂತಲಾ? ಅಥವಾ ಅವರ ಹೆಸರು ಹೇಳದೆ ನಿನಗೆ ಅಲ್ಲಿ ನಿಲ್ಲಲು ಧೈರ್ಯವೇ ಬರುತ್ತಿರಲಿಲ್ಲವಾ? ಒಮ್ಮೆ ಹೇಳಿದ ಮೇಲೆ ಜೀವನವಿಡೀ ಅದನ್ನು ನಗುವ ಕಥೆ ಮಾಡಿ ನಮಗೆ ತಿನ್ನಿಸಿದೆಯಲ್ಲ. ನನ್ನ ಗಂಡನಿಗೆ ಆ ಕಥೆ ಹೇಳಿದ್ದು ನಾನು. ನಾನು ಹೇಳದಿದ್ದರೂ ಇವರು ಹೋಗುತ್ತಿದ್ದರು, ಅದು ನನಗೆ ಗೊತ್ತು. ಗೊತ್ತಿದ್ದರೂ ರಾತ್ರಿ ಹಗಲು ಅದೇ ಕಿವಿಯಲ್ಲಿ… ಬಿಡು. ನಿನ್ನ ಮೇಲೆ ಸಿಟ್ಟಿಲ್ಲ. ಇದೆ, ಸ್ವಲ್ಪ ಇದೆ.

ನಿನ್ನೆ ಮೈಸೂರಿನ ಅಂಗಡಿಯಲ್ಲಿ ಇವರಿಗೆ ಒಂದು ಅಂಗಿ ಕೊಂಡೆ. ಓದುವ ದಿನ ಹಾಕಿಕೊಳ್ಳಲು. ಬಿಳಿಯದು ಬೇಡ ಅಂತ ನಾನು, ಬಿಳಿಯದೇ ಬೇಕು ಅಂತ ಇವರು. ಅಂಗಡಿಯವನು “ಹೊಸ ಜೋಡಿ, ಈಗ್ಲೇ ಜಗಳ ಶುರು!” ಅಂತ ನಕ್ಕ. ನಾನೂ ನಕ್ಕೆ ತಾತಾ, ನನಗೆ ಇನ್ನೂ ನಗು ಬರುತ್ತದೆ, ಅದೇ ಆಶ್ಚರ್ಯ. ಬೆಳಿಗ್ಗೆ ಎದ್ದು ಪಕ್ಕದಲ್ಲಿ ಇವರನ್ನು ನೋಡಿದರೆ ಹೊಟ್ಟೆಯೊಳಗೆ ಸಂತೋಷ ಉಕ್ಕುತ್ತದೆ, ಆಮೇಲೆ ಇದು ಇವರು ಹೊರಡುವ ವಾರ ಅಂತ ನೆನಪಾಗುತ್ತದೆ. ನಾನೂ ಬರುತ್ತೇನೆ ಅಂದೆ. ಅಲ್ಲಿ ನೀನೂ ಒಂದು ಹೆಸರಾಗುತ್ತೀಯ, ಬೇಡ ಅಂದರು. ಏನಾದರೂ ಆದರೆ ಇಲ್ಲಿಯ ಪೇಪರಿನಲ್ಲಿ ಬರುತ್ತದಾ ಅಂತ ಕೇಳಿದೆ. ಒಳಪುಟದಲ್ಲಿ ಎರಡು ಸಾಲು ಬರಬಹುದು, ಹೆಸರು ತಪ್ಪಾಗಿ ಬರೆದಿರುತ್ತಾರೆ ಅಂದರು. ಇವರು ಬಾಯಿಪಾಠ ಮಾಡಿಕೊಂಡಿರುವುದು ಒಂದೇ ಒಂದು ಫೋನ್ ನಂಬರು, ಅರಸೀಕೆರೆಯ ನಮ್ಮ ಮನೆಯದು. ಓದಿ ಮುಗಿದ ಮೇಲೆ ಇವರು ಮಾಡಬೇಕು. ಇವರು ಮಾಡದಿದ್ದರೆ ಇವರ ಕಡೆಯವರು ಯಾರಾದರೂ ಮಾಡುತ್ತಾರೆ. ಫೋನು ಎತ್ತುವುದು ಅಜ್ಜಿ.

ಮಂಗಳವಾರ ಮುಂಬೈಯಿಂದ ಇವರ ವಿಮಾನ. ಕಳಿಸಿಕೊಡಲು ನಾನೂ ಹೋಗುತ್ತಿದ್ದೇನೆ, ಅಳುವುದಿಲ್ಲ ಅಂತ ಅಜ್ಜಿಗೆ ಮಾತು ಕೊಟ್ಟಿದ್ದೇನೆ, ಆ ಮಾತನ್ನು ನಿನಗೂ ಕೊಡುತ್ತೇನೆ. ಬುಧವಾರ ಸಂಜೆ ಮುಂಬೈ ಬಿಡುತ್ತೇನೆ. ಇವರು ಅಲ್ಲಿ ಮೈದಾನದಲ್ಲಿ ನಿಲ್ಲುವುದು ಗುರುವಾರ ಬೆಳಿಗ್ಗೆ. ಆ ಹೊತ್ತಿಗೆ ನಾನು ಯಾವುದೋ ಊರಿನ ಹೊಲಗಳನ್ನು ಕಿಟಕಿಯಲ್ಲಿ ನೋಡುತ್ತಿರುತ್ತೇನೆ, ಏನೂ ಗೊತ್ತಿರುವುದಿಲ್ಲ. ನನ್ನನ್ನು ಕರೆದುಕೊಂಡು ಹೋಗಲು ಅರಸೀಕೆರೆ ಸ್ಟೇಷನ್ನಿಗೆ ಯಾರೂ ಬರಬಾರದು ಅಂತ ಅಜ್ಜಿಗೆ ಹೇಳಿದ್ದೇನೆ. ಬಂದವರ ಮುಖ ನೋಡಿದರೆ ಪ್ಲಾಟ್‌ಫಾರ್ಮಿನಲ್ಲೇ ಗೊತ್ತಾಗಿಬಿಡುತ್ತದೆ. ಮನೆಯ ತನಕವಾದರೂ ಗೊತ್ತಿಲ್ಲದೆ ನಡೆದುಕೊಂಡು ಬರುತ್ತೇನೆ. ನೀನು ಮಾತ್ರ ಬಾ ತಾತಾ, ನಿನ್ನ ಮುಖ ನನಗೆ ಕಾಣಿಸುವುದಿಲ್ಲವಲ್ಲ. ಹುಬ್ಬಳ್ಳಿಯಲ್ಲಿ ಗಾಡಿ ಬದಲಿಸಿ, ಗುರುವಾರ ಸಂಜೆಯ ಬೆಂಗಳೂರು ಪ್ಯಾಸೆಂಜರಿನಲ್ಲಿ ಅರಸೀಕೆರೆಗೆ ಬಂದು ಇಳಿಯುತ್ತೇನೆ.